ಕೊಹಿನೂರಿನ ಗಾಯರಾಣದಲ್ಲಿ ಇಳಿದ ವಿಮಾನ

ನಿವೃತ್ತಿಯಾಗಿ ಹುಮನಾಬಾದಿಗೆ ಮರಳಿದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. ರವಿಕೆ ಹೊಲಿಯುವ ದರ್ಜಿ ಕೇಳಿದ್ದಾರೆ, ಸಂತೆಯಲ್ಲಿ ಮೆಂತ್ಯದ ಸೊಪ್ಪು ಕೊಡುವಾಕೆ ಕೇಳಿದ್ದಾಳೆ, ನನ್ನ ಮೊಣಕಾಲು ನೋಡಿದ ಡಾಕ್ಟರೂ ಚೀಟಿ ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಮ್ಯಾಲ ಹೋದಾಗ ಎಂಜಿನ್ ಬಂದ್ ಬಿದ್ರ ವಿಮಾನ ಕಲ್ಲಿನಂಗ ಬೀಳ್ತದೇನ್ರಿ ಬಾಯಾರ?"

ಬೀಳುವುದಿಲ್ಲ. ಎಂಜಿನ್ ನಿಂತರೂ ರೆಕ್ಕೆ ಇರುತ್ತದಲ್ಲ. ಮೂಗನ್ನು ಸ್ವಲ್ಪ ತಗ್ಗಿಸಿ ವೇಗ ಕಾಪಾಡಿಕೊಂಡರೆ ಸಣ್ಣ ವಿಮಾನ ಗಾಳಿಯಲ್ಲಿ ಮೆಲ್ಲನೆ ಜಾರಿಕೊಂಡು ಇಳಿಯುತ್ತದೆ. ಮೂರು ಸಾವಿರ ಅಡಿ ಎತ್ತರವಿದ್ದರೆ ನಾಲ್ಕು ನಿಮಿಷ ಸಿಗುತ್ತದೆ. ನಾಲ್ಕು ನಿಮಿಷದಲ್ಲಿ ಬಹಳ ಕೆಲಸ ಮಾಡಬಹುದು. ಗಾಬರಿಗೆ ಬಿದ್ದರೆ ಒಂದನ್ನೂ ಮಾಡಲಾಗದು.

ಮೂವತ್ತನಾಲ್ಕು ವರ್ಷ ನಾನು ಹೈದರಾಬಾದಿನ ಕಡೆಯ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಎರಡು ಸೀಟಿನ, ನಾಲ್ಕು ಸೀಟಿನ ವಿಮಾನ ಹಾರಿಸುವುದನ್ನು ಕಲಿಸಿದೆ. ದೊಡ್ಡ ಕಂಪನಿಗಳ ಸಮವಸ್ತ್ರ ತೊಡಲಿಲ್ಲ. ಹೋದ ತಿಂಗಳು ಹುಲಸೂರಿನ ಸ್ನೇಹಾ ಎಂಬ ಹುಡುಗಿ ತಾಯಿಯನ್ನು ಕರೆದುಕೊಂಡು ಮನೆಗೆ ಬಂದಳು. ಪೈಲಟ್ ತರಬೇತಿಗೆ ಆಯ್ಕೆಯಾಗಿದ್ದಾಳೆ. ಪುಸ್ತಕದಲ್ಲಿ ಇರುವುದನ್ನು ಓದಿಕೊಂಡಿದ್ದೇನೆ, ಇಲ್ಲದ್ದನ್ನು ಹೇಳಿ ಎಂದಳು. ಊಟ ಬಿಟ್ಟು ಸಂಜೆಯವರೆಗೆ ಹೇಳಿದೆ. ಹೊರಡುವಾಗ ಅವಳ ತಾಯಿ, ಇದನ್ನೆಲ್ಲ ಬರೆದಿಟ್ಟರೆ ಅವಳ ಜೊತೆಯವರಿಗೂ ಆಗುತ್ತದಲ್ಲ ಎಂದರು. ಅದಕ್ಕೇ ಕೂತಿದ್ದೇನೆ.

ನಾನು ವಿಮಾನದ ಹತ್ತಿರ ಹೋದದ್ದೇ ಪೆಟ್ರೋಲಿನ ದಾರಿಯಿಂದ. ನನ್ನ ಅಪ್ಪ ಹುಮನಾಬಾದಿನ ಹೆದ್ದಾರಿಯಲ್ಲಿದ್ದ ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಅವರ ಮೊದಲ ಕೆಲಸ ನೆಲದೊಳಗಿನ ಟ್ಯಾಂಕಿಗೆ ಉದ್ದನೆಯ ಅಳತೆಕೋಲು ಇಳಿಸಿ, ಮೇಲೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುವುದು. ಶಾಲೆಗೆ ಹೋಗುವ ದಾರಿಯಲ್ಲಿ ನಾನು ನಿಂತು ಆ ಗೆರೆ ಓದುತ್ತಿದ್ದೆ. ಬಂಕಿಗೆ ಬಂದ ಒಬ್ಬ ಪ್ರಯಾಣಿಕರು ಕ್ಲಬ್ಬಿನ ವಿಷಯ ಹೇಳಿ, ಹೆಣ್ಣುಮಕ್ಕಳಿಗೂ ಕಲಿಸುತ್ತಾರೆ ಎಂದರು. ಅಪ್ಪ ಅದನ್ನು ಮನೆಯಲ್ಲಿ ಬಂದು ಹೇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಅವರು ಆಗಲೇ ಒಪ್ಪಿಬಿಟ್ಟಿದ್ದರು. ಅವ್ವ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ನಾನು ಕಟ್ಟಿಕೊಂಡು ಹೋಗಲೆಂದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಕೂತಳು.

ಕ್ಲಬ್ಬಿನ ಮುಖ್ಯ ಬೋಧಕರು ಮಿರ್ಜಾ ಸಾಹೇಬರು. ಎತ್ತರದ ಆಳು, ಬಿಳಿ ಮೀಸೆ, ಬಾಯಲ್ಲಿ ಸದಾ ಸೋಂಪು. ನಮ್ಮೂರ ಸಂತೆಯಲ್ಲಿ ಕೇಳಿದ್ದಂಥ ದಖನಿ ಉರ್ದುವಿನಲ್ಲಿ ಅವರು ಮಾತಾಡಿದಾಗ ನನ್ನ ಅರ್ಧ ಭಯ ಅಲ್ಲೇ ಹೋಯಿತು. ಉಳಿದರ್ಧವನ್ನು ಅವರು ಗಾಳಿಯಲ್ಲಿ ತೆಗೆದರು. ಹಾರುತ್ತಿರುವಾಗ ತಮ್ಮ ಹೆಂಡತಿ ಮಾಡುವ ಬದನೆಕಾಯಿಯ ಬಗ್ಗೆ ಹೇಳುತ್ತಾ ಹೇಳುತ್ತಾ ಕೈ ಚಾಚಿ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ಇಳಿಸಿಬಿಡುತ್ತಿದ್ದರು. ಸದ್ದು ಅಡಗಿದ ಕೂಡಲೇ ನಾನು ಅವರತ್ತ ತಿರುಗಿದರೆ ಅವರಿಗೆ ಸಿಟ್ಟು. ನನ್ನ ಮುಖದ ಮೇಲೆ ವಿಮಾನ ಇಳಿಯುವುದಿಲ್ಲ, ಹೊರಗೆ ನೋಡು ಎನ್ನುತ್ತಿದ್ದರು. ಮೊದಲು ವೇಗ, ಆಮೇಲೆ ಇಳಿಯುವ ಜಾಗ, ಆಮೇಲೆ ಎಂಜಿನ್ನಿಗೆ ಏನಾಯಿತು ಎಂಬ ವಿಚಾರಣೆ. ಈ ಕ್ರಮವನ್ನು ಅವರು ನನ್ನ ಕೈಬೆರಳಿಗೆ ಕಲಿಸಿದರು.

ಇಂಧನದ ಮಟ್ಟ ತೋರಿಸುವ ಮುಳ್ಳುಗಳ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹಳೆಯ ವಿಮಾನಗಳಲ್ಲಿ ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆಗೆ ಆ ಮುಳ್ಳು ಜೋಡಿಸಿರುತ್ತಾರೆ. ಬುರುಡೆ ಎಲ್ಲೋ ಸಿಕ್ಕಿಕೊಂಡರೆ ಟ್ಯಾಂಕು ಬರಿದಾದರೂ ಮುಳ್ಳು ತುಂಬಿದೆ ಎಂದೇ ತೋರಿಸುತ್ತದೆ. ಆದ್ದರಿಂದ ಹೊರಡುವ ಮುಂಚೆ ಪ್ರತಿ ಟ್ಯಾಂಕಿನ ಮುಚ್ಚಳ ತೆರೆದು, ಗುರುತು ಹಾಕಿದ ಮರದ ಕೋಲು ಇಳಿಸಿ ನೋಡಬೇಕು. ಪೆಟ್ರೋಲ್ ಬಂಕಿನ ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ಬೋಧಕಿಯಾದ ಮೇಲೆ ಇದನ್ನೇ ಎಷ್ಟು ಸಲ ಹೇಳಿದೆನೆಂದರೆ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಲಕಡಿ ಬಾಯಿ ಎಂದು ಕರೆಯುತ್ತಿದ್ದರು. ಲಕಡಿ ಎಂದರೆ ಕೋಲು, ಬಾಯಿ ಎಂದರೆ ಅಮ್ಮಾವ್ರು. ನನಗೆ ಒಳಗೊಳಗೇ ಖುಷಿ.

ಆ ವಿದ್ಯಾರ್ಥಿಗಳಲ್ಲಿ ಒಬ್ಬರು ಸೊಲ್ಲಾಪುರದ ದಂತವೈದ್ಯ ಕುಲಕರ್ಣಿಯವರು. ನಲವತ್ತರ ಹತ್ತಿರದ ವಯಸ್ಸು, ಮೃದು ಮಾತು. ಅವರು ವಿಮಾನ ಪರೀಕ್ಷಿಸುವ ರೀತಿ ನೋಡಿದರೆ ಅದು ಬಾಯಿ ತೆರೆದು ಕೂತ ರೋಗಿಯೇನೋ ಅನಿಸುತ್ತಿತ್ತು. ಹೊರಡುವ ಮುಂಚೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನಂಥ ಪಾರದರ್ಶಕ ಲೋಟಕ್ಕೆ ಬಿಟ್ಟು ನೋಡಬೇಕು. ನಮ್ಮ ವಿಮಾನದ ಪೆಟ್ರೋಲಿಗೆ ತೆಳು ನೀಲಿ ಬಣ್ಣ ಹಾಕಿರುತ್ತಾರೆ. ಅದರಲ್ಲಿ ನೀರು ಸೇರಿದ್ದರೆ ನೀರು ಭಾರ, ತಳದಲ್ಲಿ ಗುಳ್ಳೆಯಾಗಿ ಬೇರೆ ಕೂರುತ್ತದೆ. ನೀರು ಎಂಜಿನ್ನಿಗೆ ಹೋದರೆ ಅದು ಕೆಮ್ಮಿ ನಿಲ್ಲುತ್ತದೆ.

ಮಳೆಗಾಲದ ಒಂದು ಬೆಳಿಗ್ಗೆ, ವಿಮಾನ ಎರಡು ದಿನ ಬಯಲಿನಲ್ಲೇ ನೆನೆದಿತ್ತು. ಡಾಕ್ಟರು ಲೋಟವನ್ನು ಬೆಳಕಿಗೆ ಹಿಡಿದು, ಒಂದು ಗುಳ್ಳೆಯೂ ಇಲ್ಲ, ಬಹಳ ಸ್ವಚ್ಛವಾಗಿದೆ ಎಂದು ಸಂತೋಷದಿಂದ ತೋರಿಸಿದರು. ನಿಜಕ್ಕೂ ಗುಳ್ಳೆ ಇರಲಿಲ್ಲ. ನಾನೂ ಸರಿ ಎನ್ನುವವಳಿದ್ದೆ. ಏನೋ ಅನುಮಾನವಾಗಿ ಲೋಟ ಮೂಸಿದೆ. ವಾಸನೆಯೇ ಇಲ್ಲ. ನೀಲಿ ಇದ್ದಂತೆ ಕಂಡದ್ದು ಹಿಂದಿನ ಆಕಾಶ. ಲೋಟದ ತುಂಬ ಇದ್ದದ್ದು ಬರೀ ನೀರು. ಟ್ಯಾಂಕಿನ ಮುಚ್ಚಳದ ರಬ್ಬರು ಬಿರುಕು ಬಿಟ್ಟು ಎರಡು ದಿನದ ಮಳೆ ಒಳಗೆ ಇಳಿದಿತ್ತು. ನೀಲಿ ಬರುವ ಹೊತ್ತಿಗೆ ಹದಿನಾಲ್ಕು ಲೋಟ ಚೆಲ್ಲಿದೆವು. ಆ ದಿನ ಹಾರುವುದು ಬಿಟ್ಟು ಇಬ್ಬರೂ ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಡಾಕ್ಟರು ಚಹಾವನ್ನೂ ಒಮ್ಮೆ ಮೂಸಿ ನೋಡಿ ನಕ್ಕರು. ಮುಂದಿನ ವಾರದಿಂದ ಅವರು ಲೋಟವನ್ನು ಬಿಳಿ ಕರವಸ್ತ್ರದ ಮುಂದೆ ಹಿಡಿದು ನೋಡತೊಡಗಿದರು. ಇಡೀ ಕ್ಲಬ್ಬು ಹಾಗೆ ಮಾಡತೊಡಗಿತು. ನಾನು ಅವರಿಗೆ ಕಲಿಸಿದ್ದಕ್ಕಿಂತ ಅವರು ನಮಗೆ ಕಲಿಸಿದ್ದು ದೊಡ್ಡದು.

ಇನ್ನು ಶರಣಪ್ಪ ಸಾಹುಕಾರರ ವಿಷಯ. ಅವರು ಬಸವಕಲ್ಯಾಣದಲ್ಲಿ ತೊಗರಿ ಬೇಳೆಯ ಮಿಲ್ಲು ಇಟ್ಟವರು. ಐವತ್ತು ದಾಟಿದ ಮೇಲೆ ಹಾರಲು ಕಲಿಯಬೇಕೆಂದು ಹಟ ಹಿಡಿದು ನಮ್ಮ ಕ್ಲಬ್ಬಿಗೆ ಬಂದರು. ನಾನು ಹುಮನಾಬಾದಿನವಳು ಎಂದು ತಿಳಿದ ಕೂಡಲೇ ಇಂಗ್ಲಿಷು ಹಿಂದಿ ಎರಡನ್ನೂ ಬದಿಗಿಟ್ಟು, "ಅಕ್ಕಾರ, ಇನ್ನ ನನಗ ಅಂಜಿಕಿ ಇಲ್ಲ ನೋಡ್ರಿ" ಎಂದು ಕುರ್ಚಿ ಎಳೆದು ಕೂತರು. ನನಗಿಂತ ಹತ್ತು ವರ್ಷ ಹಿರಿಯರಾದರೂ ಕೊನೆಯವರೆಗೂ ನಾನು ಅವರಿಗೆ ಅಕ್ಕನೇ. ಲೈಸೆನ್ಸು ಸಿಕ್ಕ ಮೇಲೆ ನಾಲ್ಕು ಸೀಟಿನ ಹಳೆಯ ವಿಮಾನ ಕೊಂಡರು. ಅದರ ರೆಕ್ಕೆಗಳು ಮೈಯ ಕೆಳಭಾಗಕ್ಕೆ ಜೋಡಿಸಿದವು, ಎರಡು ರೆಕ್ಕೆಯಲ್ಲಿ ಎರಡು ಟ್ಯಾಂಕು. ಒಮ್ಮೆಗೆ ಒಂದೇ ಟ್ಯಾಂಕಿನಿಂದ ಇಂಧನ ಹೋಗುತ್ತದೆ. ಎಡ, ಬಲ ಎಂದು ಪೈಲಟ್ಟೇ ಕೈಯಿಂದ ಕೀಲಿ ತಿರುಗಿಸಿ ಬದಲಿಸಬೇಕು. ದೂರದ ಪ್ರಯಾಣಗಳಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು.

ಸಂಕ್ರಾಂತಿ ಮುಗಿದು ಒಂದು ವಾರ. ಮಹಾರಾಷ್ಟ್ರದ ಒಂದು ಊರಿನಲ್ಲಿ ಅವರ ಬೀಗರ ಮನೆಯ ಮದುವೆ. ಊರ ಹೊರಗೆ ಸಣ್ಣ ಏರ್‌ಸ್ಟ್ರಿಪ್ ಇತ್ತು, ಹಾರಿಯೇ ಹೋದೆವು. ಮರಳುವಾಗ ಬೀಗರ ಕಡೆಯವರು ಇಪ್ಪತ್ತು ಮಂದಿ ಕಳಿಸಿಕೊಡಲು ವಿಮಾನದವರೆಗೆ ಬಂದರು. ಅಲ್ಲಿ ಇಂಧನ ಪೀಪಾಯಿಯಿಂದ ಕೈಪಂಪಿನಲ್ಲಿ ತುಂಬಿಸಬೇಕು. ಬಲ ರೆಕ್ಕೆಯ ಟ್ಯಾಂಕಿಗೆ ಪೈಪು ಇಳಿಸಿದ್ದನ್ನು ಸಾಹುಕಾರರು ಕಣ್ಣಾರೆ ಕಂಡಿದ್ದರು. ಆಮೇಲೆ ಫೋಟೋಕ್ಕೆಂದು ಯಾರೋ ಅವರನ್ನು ಎಳೆದುಕೊಂಡು ಹೋದರು. ಅಷ್ಟರಲ್ಲಿ ಪೀಪಾಯಿ ಬರಿದಾಗಿತ್ತು. ಪಂಪಿನವನು ಇನ್ನೊಂದು ತರಬೇಕು ಎಂದು ಮದುವೆಯವರಲ್ಲಿ ಯಾರಿಗೋ ಹೇಳಿದನಂತೆ. ಆ ಮಾತು ನಮ್ಮವರೆಗೆ ಬರಲಿಲ್ಲ.

ನಾನು ಕೋಲು ಹಿಡಿದುಕೊಂಡು ರೆಕ್ಕೆಯ ಹತ್ತಿರ ಹೋಗುತ್ತಿದ್ದೆ. ಬೀಗಿತ್ತಿ ಅಡ್ಡ ಬಂದು ನನಗೂ ಶಾಲು ಹೊದಿಸಬೇಕೆಂದರು. ಕೈ ಖಾಲಿ ಬೇಕಲ್ಲ, ಕೋಲನ್ನು ಸೀಟಿನ ಹಿಂದೆ ಇಟ್ಟೆ. ಶಾಲು ಹೊದಿಸಿದರು, ಮಡಿಲಿಗೆ ತೆಂಗಿನಕಾಯಿ ಹಾಕಿದರು, ಪೇಡೆ ತಿನ್ನಿಸಿದರು. ಟ್ಯಾಂಕು ತುಂಬಿತಾ ಎಂದು ನಾನು ಸಾಹುಕಾರರನ್ನು ಕೇಳಿದೆ. ಬಲದ್ದು ಪೂರ್ತಿ ತುಂಬಿದೆ ಎಂದರು. ಒಳಗೆ ಕೂತು ನೋಡಿದರೆ ಮುಳ್ಳೂ ಅದನ್ನೇ ಹೇಳುತ್ತಿತ್ತು. ಆ ಮುಳ್ಳು ಆಗಾಗ ಸಿಕ್ಕಿಕೊಳ್ಳುತ್ತದೆ ಎಂದು ದೋಷಗಳ ಪುಸ್ತಕದಲ್ಲಿ ಹಿಂದಿನ ತಿಂಗಳಷ್ಟೇ ಬರೆದವಳು ನಾನೇ. ಎಡದ ಟ್ಯಾಂಕಿನಲ್ಲಿ ಹೆಚ್ಚಿಲ್ಲ ಎಂಬುದು ನಮಗೆ ಗೊತ್ತಿದ್ದುದರಿಂದ ಬಲದ ಟ್ಯಾಂಕಿಗೆ ಕೀಲಿ ಇಟ್ಟು ಹೊರಟೆವು.

ಅರ್ಧ ಗಂಟೆ ಸುಖವಾಗಿ ಹಾರಿದೆವು. ಆಕಾಶ ತಿಳಿಯಾಗಿತ್ತು. ಹುಲಸೂರು ದಾಟುವಾಗ ಸಾಹುಕಾರರು ಮದುವೆಯ ಊಟದ ಒಂದೊಂದೇ ಪದಾರ್ಥ ಎಣಿಸುತ್ತಿದ್ದರು. ಎಂಜಿನ್ ಒಮ್ಮೆ ಕೆಮ್ಮಿತು. ಎರಡನೆಯ ಸಲ ಕೆಮ್ಮಿ ಸುಮ್ಮನಾಯಿತು. ಮುಂದೆ ಫ್ಯಾನು ಗಾಳಿಗೆ ತಾನೇ ತಿರುಗುತ್ತಿತ್ತು, ಶಕ್ತಿ ಇರಲಿಲ್ಲ. ಮಾತು ನಿಂತು, ರೆಕ್ಕೆಯ ಮೇಲೆ ಗಾಳಿ ಹರಿಯುವ ಸದ್ದು ಕೇಳತೊಡಗಿತು.

"ನನ್ನ ಕೈಗೆ ಕೊಡ್ರಿ," ಎಂದೆ. ಅವರು ಎರಡೂ ಕೈ ಎತ್ತಿ ಬಿಟ್ಟುಕೊಟ್ಟರು.

ವೇಗ ಹಿಡಿದೆ. ಕೀಲಿಯನ್ನು ಎಡಕ್ಕೆ ತಿರುಗಿಸಿ ವಿದ್ಯುತ್ ಪಂಪು ಹಾಕಿದೆ. ಐದಾರು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಎಂಜಿನ್ ಒದರಿಕೊಂಡು ಎದ್ದಿತು. ಸಾಹುಕಾರರು ಅಂಗಿಯೊಳಗಿನ ಇಷ್ಟಲಿಂಗವನ್ನು ಮುಟ್ಟಿಕೊಂಡು ಉಸಿರು ಬಿಟ್ಟರು. ನಡೆಯಿರಿ, ಇನ್ನು ನೇರ ಮನೆಗೆ ಎಂದರು.

ನನ್ನ ಕೆಲಸದ ಬದುಕಿನಲ್ಲೇ ಕಷ್ಟದ ಕ್ಷಣ ಅದು, ಎಂಜಿನ್ ನಿಂತದ್ದಲ್ಲ. ಎಂಜಿನ್ ಓಡುತ್ತಿದೆ, ಬಿಸಿಲು ಚೆನ್ನಾಗಿದೆ, ಪಕ್ಕದವರು ನಗುತ್ತಿದ್ದಾರೆ. ಎಡದ ಟ್ಯಾಂಕಿನಲ್ಲಿ ಇರುವುದು ಹೆಚ್ಚೆಂದರೆ ಹದಿನೈದು ನಿಮಿಷದ್ದು ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಹತ್ತಿರದ ರನ್‌ವೇಗೆ ಇಪ್ಪತ್ತು ನಿಮಿಷ ಬೇಕು. ಸಾಹುಕಾರರಿಗೆ ಹೇಳಿದೆ, ಇಲ್ಲೇ ಇಳಿಯೋಣ ಎಂದು.

"ಎಂಜಿನ್ ಛಲೋ ನಡ್ಯಾಕತ್ತದಲ್ರಿ ಅಕ್ಕಾ. ಯಾಕ ಇಳೀಬೇಕು?"

"ಅದು ನಡ್ಯಾಕತ್ತಾಗೇ ಇಳೀಬೇಕ್ರಿ. ನಿಂತ ಮ್ಯಾಲ ಜಾಗ ಅದು ಆರಿಸ್ತದ, ನಾವಲ್ಲ."

ಅವರು ಸೀಟಿನ ಪಟ್ಟಿ ಬಿಗಿದುಕೊಂಡರು. ರೇಡಿಯೋದಲ್ಲಿ ನಮ್ಮ ಸ್ಥಿತಿ ಹೇಳಿದೆ. ಕೆಳಗೆ ಕಬ್ಬು, ಕಡಲೆ, ಕೊಯ್ದು ಮುಗಿದ ತೊಗರಿಯ ಚೂಪು ಕೂಳೆ. ಕೊಹಿನೂರಿನ ಹತ್ತಿರ ದನ ಕುರಿ ಮೇಯಲು ಬಿಟ್ಟ ಊರಿನ ಸಾರ್ವಜನಿಕ ಬಯಲೊಂದು ಕಂಡಿತು. ನಮ್ಮ ಕಡೆ ಅದಕ್ಕೆ ಗಾಯರಾಣ ಎನ್ನುತ್ತೇವೆ. ಕೆಂಪು ಗಟ್ಟಿ ನೆಲ, ಒಣಗಿದ ಗಿಡ್ಡ ಹುಲ್ಲು, ಉದ್ದ ಸಾಲುತ್ತದೆ. ಆದರೆ ನಟ್ಟನಡುವೆ ಕುರಿಗಳ ಹಿಂಡು.

ತಗ್ಗಿಸಿಕೊಂಡು ಒಂದು ಸುತ್ತು ಹಾಕಿದೆ, ಕಲ್ಲು ಗುಂಡಿ ನೋಡಲು. ಕುರಿಗಳ ನಡುವೆ ಒಬ್ಬ ಹೆಂಗಸು ನಿಂತು ತಲೆಯೆತ್ತಿ ನೋಡುತ್ತಿದ್ದಳು. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಆಕೆ ಹೆಗಲ ಕಂಬಳಿ ತೆಗೆದು ಬೀಸುತ್ತಾ ಹಿಂಡನ್ನು ಪೂರ್ವದ ಅಂಚಿಗೆ ಓಡಿಸುತ್ತಿದ್ದಳು. ಯಾರೂ ಹೇಳದೆ ಆಕೆಗೆ ಹೇಗೆ ತಿಳಿಯಿತೆಂದು ಆಗ ಯೋಚಿಸಲು ಸಮಯವಿರಲಿಲ್ಲ. ಇಳಿಯುವ ನೇರಕ್ಕೆ ವಿಮಾನ ವಾಲಿಸಿದೆ. ಟ್ಯಾಂಕಿನ ತಳದಲ್ಲಿದ್ದ ಸ್ವಲ್ಪ ಇಂಧನ ಒಂದು ಬದಿಗೆ ಸರಿಯಿತೋ, ನನ್ನ ಲೆಕ್ಕಕ್ಕಿಂತ ಮೊದಲೇ ಮುಗಿಯಿತೋ, ಆರುನೂರು ಅಡಿಯಲ್ಲಿ ಎಂಜಿನ್ ನಿಂತಿತು. ಈ ಸಲ ಕೆಮ್ಮಲೂ ಇಲ್ಲ.

ಮದುವೆಯ ಶಾಲುಗಳನ್ನು ಮಡಚಿ ಮುಖಕ್ಕೆ ಹಿಡಿಯಿರಿ ಎಂದು ಸಾಹುಕಾರರಿಗೆ ಹೇಳಿದೆ. ಇಂಧನದ ಕೀಲಿ ಮುಚ್ಚಿ, ವಿದ್ಯುತ್ತು ಆರಿಸಿ, ಇಳಿದಾಗ ಸಿಕ್ಕಿಕೊಳ್ಳದಿರಲೆಂದು ನನ್ನ ಬದಿಯ ಬಾಗಿಲಿನ ಚಿಲಕ ಸಡಿಲಿಸಿದೆ. ಗಾಲಿ ನೆಲ ಮುಟ್ಟಿತು. ಒಮ್ಮೆ ಪುಟಿಯಿತು, ಮತ್ತೆ ಮುಟ್ಟಿತು. ತಟತಟನೆ ಓಡಿ, ಒಂದು ಜಾಲಿಯ ಕಂಟಿಗೆ ಇಪ್ಪತ್ತು ಹೆಜ್ಜೆ ಇರುವಾಗ ನಿಂತಿತು. ದೂರದಲ್ಲಿ ಕುರಿಯ ಕೊರಳ ಗಂಟೆ ಕೇಳಿಸಿತು.

ಸಾಹುಕಾರರು ಮುಖದಿಂದ ಶಾಲು ತೆಗೆಯದೆ ಕೇಳಿದರು: "ಅಕ್ಕಾ, ನಾವು ಅದೀವೇನ್ರಿ?"

ಇದ್ದೇವೆ ಎಂದೆ. ಹೇಳಿದ ಕೂಡಲೇ ನನಗೆ ನಗು ಬಂತು. ಅವರಿಗೂ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಕೆಳಗಿಳಿದೆ. ರೆಕ್ಕೆಗೆ ಒರಗಿ ಹುಲ್ಲಿನ ಮೇಲೆ ಕೂತೆ.

ಆ ಹೆಂಗಸು ಬಂದಳು. ಹೆಸರು ಚಂದಮ್ಮ. ಅರವತ್ತರ ಆಸುಪಾಸು, ಹುಟ್ಟಿದಾಗಿನಿಂದ ಆ ಬಯಲಿನಲ್ಲೇ ಕುರಿ ಮೇಯಿಸಿದವಳು. ಮೊದಲು ತನ್ನ ಕುರಿ ಬೆದರಿದವೆಂದು ನಮ್ಮನ್ನು ಚೆನ್ನಾಗಿ ಬೈದಳು. ಆಮೇಲೆ ತನ್ನ ಬಾಟಲಿಯ ನೀರು ಕೊಟ್ಟು, ಗಾಡಿಗೆ ಏನಾಯಿತು ಎಂದು ಕೇಳಿದಳು. ಎಣ್ಣೆ ಮುಗಿಯಿತು ಎಂದೆ. ಹೊರಡುವಾಗ ನೋಡಿಕೊಳ್ಳಲಿಲ್ಲವೇ ಎಂದಳು. ಇಲ್ಲ ಎಂದೆ. ಕುರಿ ಯಾಕೆ ಓಡಿಸಿದಿರಿ ಎಂದು ನಾನು ಕೇಳಿದೆ.

"ಹದ್ದ ಇಳಿಯೋ ಮುಂದ ಹಿಂಗೇ ಸುತ್ತ ಹೊಡಿತದ್ರಿ. ಜಾಗ ನೋಡಾಕತ್ತಾರ ಅಂತ ತಿಳೀತು. ನಡಬರ್ಕ ನನ್ನ ಕುರಿ ಇದ್ವು, ಸರಿಸಿದೆ."

ಮಿರ್ಜಾ ಸಾಹೇಬರು ಮರುದಿನ ಕಾರಿನಲ್ಲಿ ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಹೆಸರಿಗೆ ಸಲಹೆಗಾರರಾಗಿದ್ದರೂ ಕ್ಲಬ್ಬಿನಲ್ಲಿ ಅವರ ಮಾತೇ ನಡೆಯುತ್ತಿತ್ತು. ನನ್ನತ್ತ ನೋಡದೆ ನೇರ ವಿಮಾನಕ್ಕೆ ಹೋಗಿ, ಸೀಟಿನ ಹಿಂದಿನಿಂದ ಕೋಲು ತೆಗೆದು ಬಲದ ಟ್ಯಾಂಕಿಗೆ ಇಳಿಸಿದರು, ಆಮೇಲೆ ಎಡಕ್ಕೆ. ಎರಡು ಸಲವೂ ಕೋಲು ಒಣಗಿಯೇ ಬಂತು. ಅವರು ಬೈಯಲಿ ಎಂದು ನಾನು ಕಾದೆ. ಬೈಯಲಿಲ್ಲ. ಹುಲ್ಲಿನ ಮೇಲೆ ಕೂತು, ಕಾಗದ ಪೆನ್ನು ಕೊಟ್ಟು, ನಡೆದದ್ದನ್ನೆಲ್ಲ ನಿನ್ನ ಕೈಯಿಂದಲೇ ಬರೆ ಎಂದರು. ಮೊದಲ ಸಾಲು ಮಾತ್ರ ತಾವು ಹೇಳಿದರು: ಕೋಲು ನನ್ನ ಕೈಯಲ್ಲೇ ಇತ್ತು.

ಆ ಕಾಗದವನ್ನು ಅವರು ಇರುವವರೆಗೆ ಪ್ರತಿ ಹೊಸ ತಂಡಕ್ಕೆ ಓದಿದರು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಮೊದಲ ವರ್ಷ ನೆಲ ಬಾಯಿಬಿಡಬಾರದೇ ಅನಿಸಿತು. ಎರಡನೆಯ ವರ್ಷ ಅವರು ತಪ್ಪಿ ಓದಿದ ಕಡೆ ನಾನೇ ತಿದ್ದಿದೆ. ಸಾಹೇಬರು ಹೋದ ಮೇಲೆ ನಾನೇ ಓದಿದೆ. ಮಕ್ಕಳೇ, ಇಪ್ಪತ್ತು ವರ್ಷ ಕಲಿಸಿದವಳು ಒಂದು ಶಾಲಿಗೆ ಮರುಳಾಗಿ ಟ್ಯಾಂಕು ನೋಡದೆ ಹೊರಟಳು. ನಿಮಗೆ ಹಾಗೆ ಆಗುವುದಿಲ್ಲ ಎಂದುಕೊಳ್ಳಬೇಡಿ. ಈಗ ನಿಮ್ಮ ವಿಮಾನಗಳಲ್ಲಿ ಪರದೆಯ ಮೇಲೆ ಎಷ್ಟು ಲೀಟರು ಉಳಿದಿದೆ, ಎಷ್ಟು ದೂರ ಸಾಕಾಗುತ್ತದೆ ಎಂದು ಅಂಕಿ ಬರುತ್ತದೆ. ಬಹಳ ಒಳ್ಳೆಯದು, ನನಗೂ ಬೇಕಾಗಿತ್ತು. ಆದರೆ ಅಂಥ ಎಷ್ಟೋ ಪರದೆಗಳಿಗೆ ಹೊರಡುವಾಗ ಟ್ಯಾಂಕು ತುಂಬಿದೆ ಎಂದು ಹೇಳುವುದು ನೀವೇ. ನೀವು ತಪ್ಪು ಹೇಳಿದರೆ ಅದು ಆ ತಪ್ಪನ್ನೇ ಅಂದವಾಗಿ ತೋರಿಸುತ್ತದೆ.

ಅಧಿಕಾರಿಗಳು ಬಂದು ಪರೀಕ್ಷಿಸಿ, ಮತ್ತೆ ಹಾರಿಸಲು ಅನುಮತಿ ಕೊಡುವವರೆಗೆ ಐದು ದಿನವಾಯಿತು. ಆ ಐದು ದಿನ ಕೊಹಿನೂರಿನಲ್ಲಿ ನಾನು ಕಂಡಷ್ಟು ಸಂತೋಷವನ್ನು ಬೇರೆಲ್ಲೂ ಕಂಡಿಲ್ಲ. ಚಿಟಗುಪ್ಪದಿಂದ, ಹುಲಸೂರಿನಿಂದ ಬಸ್ಸು ಹಿಡಿದು ಜನ ನೋಡಲು ಬಂದರು. ಶಾಲೆಯ ಮೇಷ್ಟ್ರು ಮಕ್ಕಳನ್ನು ಸಾಲಾಗಿ ಕರೆತಂದು ರೆಕ್ಕೆಯ ಪಕ್ಕದಲ್ಲಿ ಪಾಠ ಮಾಡಿದರು. ಕಾವಲಿಗೆ ಹಾಕಿದ್ದ ಪೊಲೀಸಪ್ಪನಿಗೆ ಮೊದಲ ದಿನ ವಿಮಾನವೆಂದರೆ ಏನೂ ತಿಳಿಯದು. ಮೂರನೆಯ ದಿನಕ್ಕೆ ಎಡದ ಟ್ಯಾಂಕು, ಬಲದ ಟ್ಯಾಂಕು, ಸಿಕ್ಕಿಕೊಂಡ ಮುಳ್ಳು ಎಲ್ಲವನ್ನೂ ಬಂದವರಿಗೆ ನನಗಿಂತ ಚೆನ್ನಾಗಿ ವಿವರಿಸುತ್ತಿದ್ದ. ಕೊನೆಗೆ ನನ್ನತ್ತ ಬೆರಳು ತೋರಿಸಿ, ಇವರೇ ನೋಡದೆ ಬಂದವರು ಎನ್ನುತ್ತಿದ್ದ. ಮನೆಮನೆಯಿಂದ ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಮೊಸರು ಬಂತು. ಬಿಸಿಲು ಏರಿದರೆ ಚಂದಮ್ಮನ ಟಗರು ರೆಕ್ಕೆಯ ನೆರಳಿಗೆ ಬಂದು ಮಲಗುತ್ತಿತ್ತು. ಅದನ್ನು ಎಬ್ಬಿಸಲು ಯಾರಿಗೂ ಮನಸ್ಸಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಊರವರು ಸಾಲಾಗಿ ನಡೆದು ಬಯಲಿನ ಕಲ್ಲು ಆಯ್ದರು. ಮಿರ್ಜಾ ಸಾಹೇಬರು ಹೆಜ್ಜೆ ಹಾಕಿ ಉದ್ದ ಅಳೆದರು. ನೀನೇ ತಂದದ್ದು, ನೀನೇ ತೆಗೆದುಕೊಂಡು ಹೋಗು ಎಂದರು. ಕ್ಲಬ್ಬಿನಿಂದ ತಂದ ಇಂಧನ ಬೇಕಾದಷ್ಟೇ ತುಂಬಿ, ಭಾರ ಕಡಿಮೆಯಿರಲೆಂದು ಒಬ್ಬಳೇ ಕೂತೆ. ಬಯಲು ಮುಗಿಯುವ ಬಹಳ ಮುಂಚೆಯೇ ಗಾಲಿ ನೆಲ ಬಿಟ್ಟಿತು. ಕೆಳಗೆ ಪೇಟ, ಸೆರಗು, ಟೋಪಿ ಎಲ್ಲ ಗಾಳಿಯಲ್ಲಿ ಆಡುತ್ತಿದ್ದವು. ರೆಕ್ಕೆ ಆ ಕಡೆ ಈ ಕಡೆ ವಾಲಿಸಿ ನಮಸ್ಕಾರ ಹೇಳಿದೆ. ಒಬ್ಬಳೇ ಇದ್ದೆನಲ್ಲ, ಗಂಟಲು ಬಿಟ್ಟು ಹಾಡಿಕೊಂಡು ಹೋದೆ.

ಇದರಿಂದ ನನ್ನ ಕಲಿಸುವ ರೀತಿಯೇ ಬದಲಾಯಿತು. ಇಳಿಯುವ ಜಾಗ ಆರಿಸುವುದನ್ನು ನಾವು ಮೇಲಿನಿಂದ ನೋಡಿಯೇ ಕಲಿಸುತ್ತಿದ್ದೆವು. ಮೇಲಿನಿಂದ ಎಲ್ಲ ಹೊಲವೂ ಚಾಪೆಯಂತೆ ಕಾಣುತ್ತದೆ. ಮುಂದಿನ ಬೇಸಿಗೆಯಲ್ಲಿ ನಾನು ಚಂದಮ್ಮನ ಹಿಂದೆ ನಾಲ್ಕು ದಿನ ಕುರಿಗಳ ಜೊತೆ ನಡೆದೆ. ಎರೆಭೂಮಿ ಮೇಲೆ ಒಣಗಿ ಕಂಡರೂ ಒಳಗೆ ಹೇಗೆ ಗಾಲಿ ಹಿಡಿಯುತ್ತದೆ, ಯಾವ ಹುಲ್ಲು ಇದ್ದಲ್ಲಿ ನೆಲ ಗಟ್ಟಿ, ಯಾವ ಹುಲ್ಲಿನ ಅಡಿಯಲ್ಲಿ ಕಲ್ಲು ಎಂದು ಆಕೆ ಹೇಳುತ್ತಾ ಹೋದಳು. ನಕಾಶೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದೆ. ಆಮೇಲೆ ಪ್ರತಿ ತಂಡವನ್ನೂ ವರ್ಷಕ್ಕೊಮ್ಮೆ ಆ ಕಡೆಯ ಹೊಲಗಳಲ್ಲಿ ಕಾಲ್ನಡಿಗೆ ಮಾಡಿಸಿದೆ. ಶೂಗೆ ಮಣ್ಣು ಹತ್ತಿದ್ದಕ್ಕೆ ಮೊದಲು ಗೊಣಗಿದರು. ಆಮೇಲೆ ಅದಕ್ಕಾಗಿಯೇ ಕಾಯತೊಡಗಿದರು.

ಮುಂದಿನ ವರ್ಷ ಸಾಹುಕಾರರು ಚಂದಮ್ಮನನ್ನು ಒಮ್ಮೆ ಹಾರಿಸಲೇಬೇಕೆಂದು ಹಟ ಹಿಡಿದರು. ಕಾರು ಕಳಿಸಿ ಕರೆಸಿದರು. ಆಕೆ ಹೊಸ ಇಳಕಲ್ ಸೀರೆ ಉಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದಳು. ನಾನು ಹಾರಿಸಿದೆ, ಪಕ್ಕದ ಸೀಟು ಆಕೆಗೆ, ಸಾಹುಕಾರರು ಹಿಂದೆ. ನೆಲ ಬಿಟ್ಟಾಗ ಆಕೆ ಒಮ್ಮೆ ನನ್ನ ಮೊಣಕೈ ಹಿಡಿದಳು. ಆಮೇಲೆ ಬಿಟ್ಟು ಕಿಟಕಿಗೆ ಹಣೆ ಹಚ್ಚಿದಳು. ಅಂಜಿಕೆಯೇ ಎಂದು ಕೇಳಿದರೆ ಅಲ್ಲವೆಂದು ಕೈಯಾಡಿಸಿದಳು.

ಕೊಹಿನೂರು ದಾಟುವಾಗ ನನ್ನ ತೊಡೆಯ ಮೇಲಿನ ನಕಾಶೆ ಕೇಳಿ ತೆಗೆದುಕೊಂಡಳು. ಅಕ್ಷರ ಬಾರದಿದ್ದರೂ ನಾವು ಇಬ್ಬರೂ ಕೂಡಿ ಹಾಕಿದ ಗುರುತುಗಳು ಆಕೆಗೆ ಬಾಯಿಪಾಠ. ಕೆಳಗೆ ನೋಡಿ, ನಕಾಶೆ ನೋಡಿ, ಒಂದು ಗುರುತಿನ ಮೇಲೆ ಬೆರಳಿಟ್ಟಳು.

"ಇದು ಅಳಸಿ ಬಿಡ್ರಿ ಬಾಯಿ. ಈ ವರ್ಷ ಅಲ್ಲಿ ಹೊಂಡ ತೋಡ್ಯಾರ."

ನೋಡಿದೆ. ನಿಜ, ನಾವು ಗುರುತು ಹಾಕಿದ ನಡುವೆಯೇ ಹೊಸ ಕೃಷಿಹೊಂಡದ ನೀರು ಹೊಳೆಯುತ್ತಿತ್ತು. ಅಳಿಸಿದೆ. ಆಕೆ ಅದರ ಪಡುವಣಕ್ಕೆ ಎರಡು ಹೊಸ ಜಾಗ ತೋರಿಸಿದಳು, ಮತ್ತೊಂದರ ಬಗ್ಗೆ ಇನ್ನೂ ಯೋಚಿಸಬೇಕು ಎಂದಳು.

ಬಸವಕಲ್ಯಾಣದ ಮೇಲೆ ಬಂದಾಗ ಸಾಹುಕಾರರಿಗೆ ತಡೆಯಲಾಗಲಿಲ್ಲ. ಹಿಂದಿನಿಂದ ಮುಂದಕ್ಕೆ ಬಾಗಿ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ದೊಡ್ಡ ತಗಡಿನ ಚಾವಣಿ ತೋರಿಸಿ, ಅದು ನಮ್ಮ ಬೇಳೆಯ ಮಿಲ್ಲು, ನೋಡವ್ವಾ ಎಂದರು.

ಚಂದಮ್ಮ ಮರ್ಯಾದೆಗೆಂದು ಒಂದು ಗಳಿಗೆ ನೋಡಿದಳು.

"ಅಲ್ಲಿ ಇಳಿಯಾಕ ಬರಂಗಿಲ್ಲಲ್ರಿ ಸಾಹುಕಾರ್ರ," ಎಂದು ಹೇಳಿ ಮತ್ತೆ ತನ್ನ ಬದಿಯ ಕಿಟಕಿಗೆ ತಿರುಗಿದಳು.